ಕ್ಯಾಂಪರ್ ವ್ಯಾನ್‌ಗಳಲ್ಲಿ ಸಾಮಾನು ಶೇಖರಣೆ

ಕ್ಯಾಂಪರ್ ವ್ಯಾನ್‌ಗಳಲ್ಲಿ ಸಾಮಾನು ಶೇಖರಣೆ ಎಂದರೆ ಪ್ರಯಾಣ ಮತ್ತು ವಾಸ ಎರಡಕ್ಕೂ ಒದಗುವಂತೆ ರೂಪಿಸಿದ ಸಣ್ಣ ವಾಹನದೊಳಗೆ ಬಟ್ಟೆ, ಹಾಸಿಗೆ, ಅಡುಗೆ ಸಾಮಗ್ರಿ, ಆಹಾರ, ನೀರು, ಅನಿಲ ಮತ್ತು ಉಪಕರಣಗಳನ್ನು ಇರಿಸುವ, ಹಂಚುವ ಹಾಗೂ ಭದ್ರಪಡಿಸುವ ವ್ಯವಸ್ಥೆ. ಮನೆಯ ಕಪಾಟಿಗೂ ವಾಹನದ ಕಪಾಟಿಗೂ ಮೂಲಭೂತ ವ್ಯತ್ಯಾಸವಿದೆ. ಮನೆಯಲ್ಲಿ ಜಾಗವಿದ್ದಷ್ಟು ಸಾಮಾನನ್ನು ತುಂಬಬಹುದು. ವಾಹನದಲ್ಲಿ ಜಾಗ ಮುಗಿಯುವ ಮೊದಲೇ ಅನುಮತಿಸಿದ ತೂಕ ಮುಗಿದುಹೋಗಬಹುದು. ಜೊತೆಗೆ, ವಾಹನವು ವೇಗವಾಗಿ ಚಲಿಸುವ ಮತ್ತು ಹಠಾತ್ತನೆ ನಿಲ್ಲುವ ವಸ್ತುವಾದ್ದರಿಂದ ಕಟ್ಟದೆ ಬಿಟ್ಟ ಪ್ರತಿಯೊಂದು ಸಾಮಾನೂ ಪ್ರಯಾಣಿಕರಿಗೆ ಅಪಾಯಕಾರಿಯಾಗಬಲ್ಲದು. ಆದುದರಿಂದ ಕ್ಯಾಂಪರ್ ವ್ಯಾನ್‌ನ ಶೇಖರಣಾ ವಿನ್ಯಾಸದಲ್ಲಿ ಗಾತ್ರದ ಜೊತೆಗೆ ತೂಕ, ತೂಕದ ಹಂಚಿಕೆ, ಕೈಗೆಟಕುವಿಕೆ, ಭದ್ರತೆ ಮತ್ತು ಗಾಳಿಯಾಟಗಳನ್ನೂ ಪರಿಗಣಿಸಲಾಗುತ್ತದೆ.

ಇತಿಹಾಸ

ಚಲಿಸುವ ವಾಹನದಲ್ಲಿ ಮನೆಯ ಸಾಮಾನುಗಳನ್ನು ಅಡಕವಾಗಿ ಇರಿಸುವ ಕಲೆ ಮೋಟಾರು ವಾಹನಗಳಿಗಿಂತ ಹಳೆಯದು. 19ನೆಯ ಶತಮಾನದ ಬ್ರಿಟನ್ನಿನಲ್ಲಿ ರೋಮಾನಿ ಜನರು ಬಳಸುತ್ತಿದ್ದ, ಕುದುರೆ ಎಳೆಯುವ 'ವಾರ್ಡೊ' ಎಂಬ ಬಂಡಿಗಳಲ್ಲಿ ಹಿಂಭಾಗಕ್ಕೆ ಅಡ್ಡಲಾಗಿ ಹಾಸಿಗೆ ಇರುತ್ತಿತ್ತು. ಅದರ ಕೆಳಗಿನ ಜಾಗವನ್ನು ಜಾರುವ ಬಾಗಿಲುಗಳಿಂದ ಮುಚ್ಚಿ ಮಕ್ಕಳ ಮಲಗುವ ತಾಣವಾಗಿಯೋ ಸಾಮಾನಿನ ಗೂಡಾಗಿಯೋ ಬಳಸಲಾಗುತ್ತಿತ್ತು. ಪಾತ್ರೆಗಳನ್ನು ಇರಿಸಲು ಬಂಡಿಯ ಹೊರಗೆ ಹಿಂಬದಿಯಲ್ಲಿ ಪ್ರತ್ಯೇಕ ಪೆಟ್ಟಿಗೆಯಿರುತ್ತಿತ್ತು. ಹಿಂಭಾಗದ ಅಡ್ಡ ಹಾಸಿಗೆ ಮತ್ತು ಅದರ ಕೆಳಗಿನ ಉಗ್ರಾಣ ಎಂಬ ಈ ಜೋಡಣೆ ಇಂದಿನ ವ್ಯಾನ್‌ಗಳಲ್ಲಿಯೂ ಅತ್ಯಂತ ಸಾಮಾನ್ಯವಾದ ವಿನ್ಯಾಸವಾಗಿ ಉಳಿದಿದೆ. 1885ರಲ್ಲಿ ಲೇಖಕ ಹಾಗೂ ವೈದ್ಯ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅವರಿಗಾಗಿ ಬ್ರಿಸ್ಟಲ್‌ನಲ್ಲಿ ನಿರ್ಮಿಸಲಾದ 'ದಿ ವಾಂಡರರ್' ಎಂಬ ಬಂಡಿಯನ್ನು ವಿಹಾರಕ್ಕೆಂದೇ ನಿರ್ಮಿಸಿದ ಮೊದಲ ಕ್ಯಾರವಾನ್‌ಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ಮೋಟಾರು ಕ್ಯಾಂಪರ್‌ಗಳ ವಿಕಾಸದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಟೈಪ್ 2 ವಾಹನಕ್ಕೆ ವಿಶೇಷ ಸ್ಥಾನವಿದೆ. ಡಚ್ ಆಮದುದಾರ ಬೆನ್ ಪಾನ್ 1947ರಲ್ಲಿ ಬರೆದ ರೇಖಾಚಿತ್ರದಿಂದ ಹುಟ್ಟಿದ ಈ ವಾಹನದ ಉತ್ಪಾದನೆ 1950ರಲ್ಲಿ ಆರಂಭವಾಯಿತು. ಸ್ವಲ್ಪ ಕಾಲದಲ್ಲೇ ವೆಸ್ಟ್‌ಫಾಲಿಯಾ ಸಂಸ್ಥೆಯು ಇದಕ್ಕಾಗಿ 'ಕ್ಯಾಂಪಿಂಗ್ ಬಾಕ್ಸ್' ಎಂಬ ಕಳಚಬಹುದಾದ ಪೀಠೋಪಕರಣಗಳ ಜೋಡಿಯನ್ನು ತಯಾರಿಸಿತು. ವಾರದ ದಿನಗಳಲ್ಲಿ ಸರಕು ಸಾಗಿಸುವ ವ್ಯಾನ್ ವಾರಾಂತ್ಯದಲ್ಲಿ ಕುಟುಂಬದ ತಂಗುದಾಣವಾಗಬೇಕೆಂಬುದು ಇದರ ಉದ್ದೇಶವಾಗಿತ್ತು. ಆಸನವೇ ಹಾಸಿಗೆಯಾಗುವುದು ಮತ್ತು ಆಸನದ ಕೆಳಗಿನ ಭಾಗವೇ ಪೆಟ್ಟಿಗೆಯಾಗುವುದು ಇಂತಹ ಜೋಡಣೆಗಳ ಮೂಲಕ ಜನಪ್ರಿಯವಾಯಿತು. 1950ರ ದಶಕದಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್ ಪಟ್ಟಣದ ಮಾರ್ಟಿನ್ ವಾಲ್ಟರ್ ಸಂಸ್ಥೆಯ 'ಡಾರ್ಮೊಬೈಲ್' ವಾಹನಗಳು ಒಂದು ಬದಿಗೆ ತೆರೆದುಕೊಳ್ಳುವ ಎತ್ತುವ ಛಾವಣಿಯನ್ನು ಪ್ರಚಾರಕ್ಕೆ ತಂದವು. ಎತ್ತುವ ಛಾವಣಿಯು ನಿಲ್ಲುವ ಎತ್ತರವನ್ನು ನೀಡುತ್ತದೆ. ಆದರೆ ಅದು ಮಡಚಿಕೊಳ್ಳುವ ಭಾಗದಲ್ಲಿ ಎತ್ತರದ ಕಪಾಟುಗಳಿಗೆ ಅವಕಾಶವಿರುವುದಿಲ್ಲ. ಛಾವಣಿಯ ವಿಧಕ್ಕೂ ಶೇಖರಣೆಗೂ ಇರುವ ಈ ವಿಲೋಮ ಸಂಬಂಧ ಇಂದಿಗೂ ಮುಂದುವರಿದಿದೆ.

ಎಂಜಿನ್ನಿನ ಸ್ಥಾನವೂ ಸಾಮಾನಿನ ಜಾಗವನ್ನು ನಿರ್ಧರಿಸಿತು. ಟೈಪ್ 2ರ ಮೊದಲ ಮೂರು ತಲೆಮಾರುಗಳಲ್ಲಿ ಎಂಜಿನ್ ಹಿಂಭಾಗದಲ್ಲಿದ್ದುದರಿಂದ ಅಲ್ಲಿನ ನೆಲ ಎತ್ತರವಾಗಿತ್ತು. ಹಾಸಿಗೆಯ ಹಿಂದಿನ ಅರ್ಧವು ಎಂಜಿನ್ನಿನ ಮೇಲೆಯೇ ಹರಡಿಕೊಳ್ಳುತ್ತಿತ್ತು. 1990ರಲ್ಲಿ ಬಂದ ನಾಲ್ಕನೆಯ ತಲೆಮಾರಿನಲ್ಲಿ ಎಂಜಿನ್ ಮುಂಭಾಗಕ್ಕೆ ಸ್ಥಳಾಂತರಗೊಂಡ ಬಳಿಕ ಹಿಂಬದಿಯ ನೆಲ ತಗ್ಗಿ, ಹಾಸಿಗೆಯ ಕೆಳಗೆ ಪೂರ್ಣ ಉಗ್ರಾಣ ಸಾಧ್ಯವಾಯಿತು. 1988ರಲ್ಲಿ ಆರಂಭವಾದ 'ಕ್ಯಾಲಿಫೋರ್ನಿಯಾ' ಮಾದರಿಯನ್ನು ಮೊದಲು ವೆಸ್ಟ್‌ಫಾಲಿಯಾದೊಂದಿಗೆ ರೂಪಿಸಲಾಗಿತ್ತು. ಐದನೆಯ ತಲೆಮಾರಿನಿಂದ ಫೋಕ್ಸ್‌ವ್ಯಾಗನ್ ಸ್ವತಃ ಅದನ್ನು ತಯಾರಿಸತೊಡಗಿತು. ಈ ಮಾದರಿಯಲ್ಲಿ ಮಡಚುವ ಮೇಜು ಜಾರುಬಾಗಿಲಿನ ಒಳಮೈಯಲ್ಲಿಯೂ ಎರಡು ಮಡಚುವ ಕುರ್ಚಿಗಳು ಹಿಂಬಾಗಿಲಿನ ಟೊಳ್ಳಿನಲ್ಲಿಯೂ ಅಡಗಿರುತ್ತವೆ. ಬಾಗಿಲುಗಳ ದಪ್ಪವನ್ನೂ ಉಗ್ರಾಣವಾಗಿ ಬಳಸಿದ ಈ ವಿನ್ಯಾಸ ಪದೇ ಪದೇ ಉದಾಹರಿಸಲ್ಪಡುತ್ತದೆ.

ಕಾನೂನಿನ ವ್ಯಾಖ್ಯೆಯಲ್ಲಿ ಶೇಖರಣೆ

ಯುರೋಪಿಯನ್ ಒಕ್ಕೂಟದ ವಾಹನ ಅನುಮೋದನೆಯ ನಿಯಮಗಳ ಪ್ರಕಾರ ಒಂದು ವಾಹನ 'ಮೋಟಾರು ಕ್ಯಾರವಾನ್' ಎನಿಸಿಕೊಳ್ಳಲು ಅದರ ವಾಸಭಾಗದಲ್ಲಿ ಕನಿಷ್ಠ ನಾಲ್ಕು ಸೌಲಭ್ಯಗಳಿರಬೇಕು:

• ಆಸನಗಳು ಮತ್ತು ಮೇಜು
• ಮಲಗುವ ವ್ಯವಸ್ಥೆ. ಇದು ಆಸನಗಳನ್ನೇ ಮಾರ್ಪಡಿಸಿ ಪಡೆದದ್ದಾಗಿರಬಹುದು
• ಅಡುಗೆಯ ಸೌಲಭ್ಯ
• ಸಾಮಾನು ಶೇಖರಣೆಯ ಸೌಲಭ್ಯ

ಇವು ವಾಸಭಾಗಕ್ಕೆ ಗಟ್ಟಿಯಾಗಿ ಜೋಡಿಸಲ್ಪಟ್ಟಿರಬೇಕು. ಮೇಜನ್ನು ಮಾತ್ರ ಸುಲಭವಾಗಿ ತೆಗೆಯುವಂತೆ ರೂಪಿಸಲು ಅವಕಾಶವಿದೆ. ಅಂದರೆ ಶೇಖರಣೆಯು ಕೇವಲ ಅನುಕೂಲವಲ್ಲ. ವಾಹನದ ವರ್ಗವನ್ನು ನಿರ್ಧರಿಸುವ ಅಂಶಗಳಲ್ಲಿ ಅದೂ ಒಂದು. ಮೋಟಾರು ಕ್ಯಾರವಾನ್‌ಗಳ ವಾಸಭಾಗದ ಆರೋಗ್ಯ ಮತ್ತು ಸುರಕ್ಷತೆಯ ಅಗತ್ಯಗಳನ್ನು ಹಾಗೂ ಬಳಕೆದಾರರ ಹೊರೆಯ ಲೆಕ್ಕವನ್ನು ಇಎನ್ 1646 ಎಂಬ ಯುರೋಪಿಯನ್ ಮಾನಕವು ವಿವರಿಸುತ್ತದೆ.

ಲಭ್ಯ ಜಾಗದ ಪ್ರಮಾಣ

ಯುರೋಪಿನಲ್ಲಿ ಕ್ಯಾಂಪರ್ ಪರಿವರ್ತನೆಗೆ ವ್ಯಾಪಕವಾಗಿ ಬಳಸಲಾಗುವ ವಾಹನಗಳಲ್ಲಿ ಫಿಯೆಟ್ ಡುಕಾಟೊ ಮುಖ್ಯವಾದದ್ದು. 2006ರಲ್ಲಿ ಬಿಡುಗಡೆಯಾದ ತಲೆಮಾರಿನ ಸುಮಾರು 6 ಮೀಟರ್ ಉದ್ದದ, ಮಧ್ಯಮ ಎತ್ತರದ ಮಾದರಿಯ ಸರಕುಭಾಗದ ಗಾತ್ರ ಸುಮಾರು 13 ಘನ ಮೀಟರ್. ಇದರ ಒಳಗಿನ ಗರಿಷ್ಠ ಅಗಲ 1,870 ಮಿ.ಮೀ.; ಆದರೆ ಹಿಂಬದಿ ಚಕ್ರಗಳ ಗೂಡುಗಳ ನಡುವೆ ಅಗಲ 1,422 ಮಿ.ಮೀ.ಗೆ ಇಳಿಯುತ್ತದೆ. ಗೋಡೆಗಳು ನೆಟ್ಟಗಿರದೆ ಮೇಲ್ಗಡೆಗೆ ಒಳಬಾಗಿರುವುದರಿಂದ ಆಯತಾಕಾರದ ಕಪಾಟುಗಳ ಹಿಂದೆ ತ್ರಿಕೋನಾಕಾರದ ಖಾಲಿ ಜಾಗ ಉಳಿಯುತ್ತದೆ. ಶಾಖನಿರೋಧಕ ಪದರ ಮತ್ತು ಒಳಹೊದಿಕೆಗಳೂ ಪ್ರತಿ ಬದಿಯಿಂದ ಕೆಲವು ಸೆಂಟಿಮೀಟರುಗಳನ್ನು ಕಬಳಿಸುತ್ತವೆ.

ಈ ವಾಹನದ ಪೆಟ್ಟಿಗೆಯಂತಹ ಆಕಾರ ಅಡ್ಡ ಹಾಸಿಗೆಗೆ ಅನುಕೂಲಕರವಾಗಿದೆ. ಅಡ್ಡಲಾಗಿ ಮಲಗಿದರೆ ಹಾಸಿಗೆಯು ವಾಹನದ ಉದ್ದದಲ್ಲಿ ಸುಮಾರು 1.4 ಮೀಟರ್‌ಗಳನ್ನು ಮಾತ್ರ ಬಳಸುತ್ತದೆ. ಉದ್ದಕ್ಕೆ ಮಲಗಿದರೆ 1.9 ಮೀಟರ್ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಹೀಗೆ ಉಳಿಯುವ ಅರ್ಧ ಮೀಟರ್ ಒಂದು ಅಡುಗೆ ಕಟ್ಟೆಗೋ ಉಡುಪಿನ ಕಪಾಟಿಗೋ ಸಾಕಾಗುತ್ತದೆ. ಎತ್ತರದ ವ್ಯಕ್ತಿಗಳಿಗೆ ಅಡ್ಡ ಹಾಸಿಗೆ ಸಾಲದಿರುವುದು ಇದರ ಕೊರತೆ. ಕೆಲವರು ವಾಹನದ ಪಕ್ಕಗಳಿಗೆ ಉಬ್ಬಿದ ಹೊರಕವಚಗಳನ್ನು ಜೋಡಿಸಿ ಈ ಅಗಲವನ್ನು ಹೆಚ್ಚಿಸುತ್ತಾರೆ.

ತೂಕದ ಮಿತಿ

ಪ್ರತಿಯೊಂದು ವಾಹನಕ್ಕೂ ತಯಾರಕರು ಗರಿಷ್ಠ ಅನುಮತ ತೂಕವನ್ನು ನಿಗದಿಪಡಿಸಿರುತ್ತಾರೆ. ಯುರೋಪಿನ ಬಹುಪಾಲು ಕ್ಯಾಂಪರ್ ವ್ಯಾನ್‌ಗಳು 3,500 ಕಿ.ಗ್ರಾಂ. ಮಿತಿಯೊಳಗೆ ನೋಂದಣಿಯಾಗಿರುತ್ತವೆ. ಸಾಮಾನ್ಯ ಕಾರಿನ ಚಾಲನಾ ಪರವಾನಗಿಯಾದ 'ಬಿ' ವರ್ಗದ ಸಾಂಪ್ರದಾಯಿಕ ಮಿತಿ ಇದೇ ಆಗಿರುವುದು ಇದಕ್ಕೆ ಕಾರಣ. ಗರಿಷ್ಠ ತೂಕದಿಂದ ವಾಹನದ 'ಚಾಲನಾಸಿದ್ಧ ತೂಕ'ವನ್ನು ಕಳೆದಾಗ ಉಳಿಯುವುದೇ ಹೊರೆ ಸಾಮರ್ಥ್ಯ ಅಥವಾ ಪೇಲೋಡ್. ಯುರೋಪಿಯನ್ ನಿಯಮಗಳಲ್ಲಿ ಚಾಲನಾಸಿದ್ಧ ತೂಕವು 75 ಕಿ.ಗ್ರಾಂ. ಎಂದು ಲೆಕ್ಕ ಹಾಕಿದ ಚಾಲಕನನ್ನೂ ತೊಟ್ಟಿಯ ಶೇ. 90ರಷ್ಟು ಇಂಧನವನ್ನೂ ಒಳಗೊಂಡಿರುತ್ತದೆ. ಉಳಿದ ಪ್ರಯಾಣಿಕರು, ಅವರ ಸಾಮಾನು ಮತ್ತು ನಂತರ ಜೋಡಿಸಿದ ಉಪಕರಣಗಳು ಹೊರೆಯ ಲೆಕ್ಕಕ್ಕೆ ಬರುತ್ತವೆ. ನೀರಿನ ವಿಷಯದಲ್ಲಿ ಎಚ್ಚರ ಅಗತ್ಯ: ಕೆಲವು ತಯಾರಕರು 100 ಲೀಟರ್ ತೊಟ್ಟಿಯಲ್ಲಿ ಚಾಲನೆಯ ವೇಳೆ 20 ಲೀಟರ್ ಮಾತ್ರ ಇರುತ್ತದೆ ಎಂದು ಲೆಕ್ಕ ಹಾಕಿರುತ್ತಾರೆ.

ಕೆಳಗಿನ ಕಾಲ್ಪನಿಕ ಲೆಕ್ಕವು ಹೊರೆ ಸಾಮರ್ಥ್ಯ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ತೋರಿಸುತ್ತದೆ.

• ಗರಿಷ್ಠ ಅನುಮತ ತೂಕ: 3,500 ಕಿ.ಗ್ರಾಂ.
• ಚಾಲನಾಸಿದ್ಧ ತೂಕ: 2,900 ಕಿ.ಗ್ರಾಂ.; ಉಳಿಕೆ 600 ಕಿ.ಗ್ರಾಂ.
• ಚಾಲಕನ ಹೊರತಾಗಿ ಮೂವರು ಪ್ರಯಾಣಿಕರು: 225 ಕಿ.ಗ್ರಾಂ.; ಉಳಿಕೆ 375 ಕಿ.ಗ್ರಾಂ.
• ಹೆಚ್ಚುವರಿ 80 ಲೀಟರ್ ನೀರು: 80 ಕಿ.ಗ್ರಾಂ.; ಉಳಿಕೆ 295 ಕಿ.ಗ್ರಾಂ.
• ಸೈಕಲ್ ಚೌಕಟ್ಟು ಮತ್ತು ಎರಡು ಸೈಕಲ್‌ಗಳು: 55 ಕಿ.ಗ್ರಾಂ.; ಉಳಿಕೆ 240 ಕಿ.ಗ್ರಾಂ.
• ಪಕ್ಕದ ಮೇಲ್ಗಾಪು: 25 ಕಿ.ಗ್ರಾಂ.; ಉಳಿಕೆ 215 ಕಿ.ಗ್ರಾಂ.
• ಎರಡನೆಯ ಸೀಸ-ಆಮ್ಲ ಬ್ಯಾಟರಿ: 25 ಕಿ.ಗ್ರಾಂ.; ಉಳಿಕೆ 190 ಕಿ.ಗ್ರಾಂ.

ನಾಲ್ವರ ಬಟ್ಟೆ, ಹಾಸಿಗೆ, ಪಾತ್ರೆ, ಆಹಾರ, ಕುರ್ಚಿ ಮತ್ತು ಉಪಕರಣಗಳಿಗೆ ಉಳಿದದ್ದು 190 ಕಿ.ಗ್ರಾಂ. ಮಾತ್ರ; ತಲೆಗೆ 50 ಕಿ.ಗ್ರಾಂ.ಗಿಂತಲೂ ಕಡಿಮೆ. ಇದೇ ವಾಹನದಲ್ಲಿ 1.87 ಮೀಟರ್ ಉದ್ದ, 1.4 ಮೀಟರ್ ಅಗಲದ ಹಾಸಿಗೆಯ ಕೆಳಗೆ 0.75 ಮೀಟರ್ ಎತ್ತರದ ಉಗ್ರಾಣವಿದ್ದರೆ, ಚಕ್ರದ ಗೂಡುಗಳನ್ನು ಕಳೆಯುವ ಮುನ್ನ ಅದರ ಗಾತ್ರ ಸುಮಾರು 2 ಘನ ಮೀಟರ್ ಆಗುತ್ತದೆ. ಘನ ಮೀಟರಿಗೆ 200 ಕಿ.ಗ್ರಾಂ.ನಂತೆ ಸಡಿಲವಾಗಿ ತುಂಬಿದರೂ ಅಲ್ಲಿ 400 ಕಿ.ಗ್ರಾಂ. ಸೇರುತ್ತದೆ. ಹೀಗೆ ಒಂದೇ ಉಗ್ರಾಣವು ಇಡೀ ವಾಹನಕ್ಕೆ ಉಳಿದಿರುವ ತೂಕದ ಎರಡು ಪಟ್ಟನ್ನು ನುಂಗಬಲ್ಲದು. ಖಾಲಿ ಕಾಣುವ ಮೂಲೆ ತುಂಬಲು ಅನುಮತಿಯಿರುವ ಮೂಲೆಯಾಗಿರಬೇಕಿಲ್ಲ.

ಯುರೋಪಿಯನ್ ಒಕ್ಕೂಟದ 1230/2012 ನಿಯಮವು ಮೋಟಾರು ಕ್ಯಾರವಾನ್‌ಗಳಿಗೆ ಕನಿಷ್ಠ ಹೊರೆಯ ಸೂತ್ರವೊಂದನ್ನು ನೀಡಿತು. ಚಾಲಕನೂ ಸೇರಿದಂತೆ ಜನರ ಗರಿಷ್ಠ ಸಂಖ್ಯೆಗೆ ವಾಹನದ ಉದ್ದವನ್ನು ಮೀಟರ್‌ಗಳಲ್ಲಿ ಕೂಡಿಸಿ 10ರಿಂದ ಗುಣಿಸಿದಾಗ ಬರುವಷ್ಟು ಕಿಲೋಗ್ರಾಂಗಳಾದರೂ ಸಾಮಾನಿಗೆ ಉಳಿದಿರಬೇಕು. ನಾಲ್ಕು ಆಸನಗಳ, 6 ಮೀಟರ್ ಉದ್ದದ ವಾಹನಕ್ಕೆ ಇದು 100 ಕಿ.ಗ್ರಾಂ.; ಅಂದರೆ ಒಬ್ಬರಿಗೆ 25 ಕಿ.ಗ್ರಾಂ. ದೀರ್ಘ ಪ್ರವಾಸಕ್ಕೆ ಇದು ಬಹಳ ಕಡಿಮೆ.

ತೂಕದ ಉಳಿತಾಯ ಪೀಠೋಪಕರಣಗಳಿಂದಲೇ ಆರಂಭವಾಗುತ್ತದೆ. 12 ಮಿ.ಮೀ. ದಪ್ಪದ ಬರ್ಚ್ ಪ್ಲೈವುಡ್ ಚದರ ಮೀಟರಿಗೆ ಸುಮಾರು 8 ಕಿ.ಗ್ರಾಂ. ತೂಗಿದರೆ, ಅಷ್ಟೇ ದಪ್ಪದ ಪಾಪ್ಲರ್ ಪ್ಲೈವುಡ್ ಸುಮಾರು 5ರಿಂದ 6 ಕಿ.ಗ್ರಾಂ. ತೂಗುತ್ತದೆ. ಈ ಕಾರಣದಿಂದ ತಯಾರಕರು ಹಗುರವಾದ ಪಾಪ್ಲರ್ ಪ್ಲೈವುಡ್ಡನ್ನು ಹೆಚ್ಚಾಗಿ ಬಳಸುತ್ತಾರೆ. ಸೀಸ-ಆಮ್ಲ ಬ್ಯಾಟರಿಗೆ ಬದಲಾಗಿ ಅದೇ ಸಾಮರ್ಥ್ಯದ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯನ್ನು ಅಳವಡಿಸಿದರೆ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ತೂಕದ ಹಂಚಿಕೆ

ಒಟ್ಟು ತೂಕದ ಜೊತೆಗೆ ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೂ ಪ್ರತ್ಯೇಕ ಮಿತಿಗಳಿರುತ್ತವೆ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಅಚ್ಚು ಮಿತಿ ಮೀರಿರುವುದು ಸಾಧ್ಯ. ಹಿಂದಿನ ಅಚ್ಚಿನಿಂದಾಚೆಗೆ ಚಾಚಿರುವ ಭಾಗದಲ್ಲಿ ಇರಿಸಿದ ಭಾರವು ಸನ್ನೆಯ ತತ್ವದಂತೆ ವರ್ತಿಸುತ್ತದೆ. ಎರಡು ಅಚ್ಚುಗಳ ನಡುವಣ ಅಂತರ 4.035 ಮೀಟರ್ ಇರುವ ವ್ಯಾನ್‌ನಲ್ಲಿ ಹಿಂದಿನ ಅಚ್ಚಿಗಿಂತ 0.8 ಮೀಟರ್ ಹಿಂದಕ್ಕೆ 100 ಕಿ.ಗ್ರಾಂ. ಭಾರವನ್ನು ಇರಿಸಿದರೆ, ಹಿಂದಿನ ಅಚ್ಚಿನ ಮೇಲಿನ ಭಾರ ಸುಮಾರು 120 ಕಿ.ಗ್ರಾಂ.ನಷ್ಟು ಏರುತ್ತದೆ ಮತ್ತು ಮುಂದಿನ ಅಚ್ಚಿನ ಮೇಲಿನ ಭಾರ ಸುಮಾರು 20 ಕಿ.ಗ್ರಾಂ.ನಷ್ಟು ಇಳಿಯುತ್ತದೆ. ಮುಂಚಕ್ರಗಳೇ ಚಾಲನೆ ಹಾಗೂ ದಿಕ್ಕುಬದಲಾವಣೆ ಎರಡನ್ನೂ ನಿರ್ವಹಿಸುವ ವಾಹನಗಳಲ್ಲಿ ಇದರಿಂದ ಒದ್ದೆ ರಸ್ತೆ ಮತ್ತು ಹುಲ್ಲುನೆಲದ ಮೇಲಿನ ಹಿಡಿತ ಕುಗ್ಗುತ್ತದೆ. ಹಿಂದಿನ ಟೈರುಗಳು ಅತಿಯಾಗಿ ಬಿಸಿಯಾಗಿ ಸಿಡಿಯುವ ಸಂಭವವೂ ಹೆಚ್ಚುತ್ತದೆ.

ಆದ್ದರಿಂದ ನೀರಿನ ತೊಟ್ಟಿ, ಬ್ಯಾಟರಿ, ಉಪಕರಣ ಪೆಟ್ಟಿಗೆ ಮತ್ತು ಡಬ್ಬಿಯಲ್ಲಿ ಸಂಸ್ಕರಿಸಿದ ಆಹಾರದಂತಹ ಭಾರವಾದ ವಸ್ತುಗಳನ್ನು ನೆಲಮಟ್ಟದಲ್ಲಿ, ಎರಡು ಅಚ್ಚುಗಳ ನಡುವೆ ಇರಿಸಲಾಗುತ್ತದೆ. ಮಧ್ಯಮ ಭಾರದವು ಸೊಂಟದ ಎತ್ತರದಲ್ಲಿ, ಹಗುರವಾದವು ಮೇಲಿನ ಕಪಾಟುಗಳಲ್ಲಿ ಇರುತ್ತವೆ. ಭಾರ ಮೇಲಕ್ಕೆ ಏರಿದಷ್ಟೂ ಗುರುತ್ವ ಕೇಂದ್ರ ಏರುತ್ತದೆ. ತಿರುವುಗಳಲ್ಲಿ ಮತ್ತು ಅಡ್ಡಗಾಳಿಯಲ್ಲಿ ವಾಹನ ಹೆಚ್ಚು ಓಲಾಡುತ್ತದೆ. ಎಡ ಮತ್ತು ಬಲ ಬದಿಗಳ ಸಮತೋಲನವೂ ಅಗತ್ಯ. ಅಡುಗೆ ಕಟ್ಟೆ, ಶೀತಕ ಮತ್ತು ನೀರಿನ ತೊಟ್ಟಿ ಮೂರೂ ಒಂದೇ ಬದಿಗೆ ಬಂದರೆ ವಾಹನ ಆ ಬದಿಗೆ ವಾಲುತ್ತದೆ. ಪ್ರಯಾಣಿಕರು, ನೀರು, ಇಂಧನಗಳೊಂದಿಗೆ ಪೂರ್ಣವಾಗಿ ಸಿದ್ಧವಾದ ವಾಹನವನ್ನು ವೇಬ್ರಿಡ್ಜ್ ಮೇಲೆ ಒಟ್ಟಾಗಿಯೂ ಅಚ್ಚುವಾರಾಗಿಯೂ ತೂಗುವುದೇ ಇವೆಲ್ಲವನ್ನೂ ಪರಿಶೀಲಿಸುವ ನಂಬಲರ್ಹ ವಿಧಾನ.

ಶೇಖರಣೆಯ ತಾಣಗಳು

ಹಾಸಿಗೆಯ ಕೆಳಭಾಗ: ಇದು ವ್ಯಾನ್‌ನ ಅತಿ ದೊಡ್ಡ ಉಗ್ರಾಣ. ಹಿಂಬಾಗಿಲಿನ ಕಡೆಯಿಂದ ಹೊರಾಂಗಣ ಸಾಮಗ್ರಿಗಳಿಗೂ ಒಳಗಿನಿಂದ ಮನೆಬಳಕೆಯ ವಸ್ತುಗಳಿಗೂ ಪ್ರವೇಶ ಕಲ್ಪಿಸಿದರೆ ಒಂದೇ ಜಾಗ ಎರಡು ಕೋಣೆಗಳಂತೆ ಉಪಯೋಗಕ್ಕೆ ಬರುತ್ತದೆ. ಹಾಸಿಗೆಯನ್ನು ಎತ್ತರಿಸಿದಷ್ಟೂ ಕೆಳಗೆ ಜಾಗ ಹೆಚ್ಚುತ್ತದೆ, ಆದರೆ ಮೇಲೆ ಕುಳಿತುಕೊಳ್ಳುವ ಎತ್ತರ ಕುಗ್ಗುತ್ತದೆ.

ಆಸನಪೆಟ್ಟಿಗೆ: ಮೇಲಿನಿಂದ ತೆರೆಯುವ ಬೆಂಚು ಸರಳ ಮತ್ತು ಹಗುರ. ಆದರೆ ಒಳಗಿನದನ್ನು ತೆಗೆಯಲು ಕುಳಿತವರು ಏಳಬೇಕು, ಮೆತ್ತೆ ಸರಿಸಬೇಕು. ಈ ಕಾರಣದಿಂದ ಬೆಂಚಿನ ಮುಂಭಾಗದಲ್ಲಿ ಸಣ್ಣ ಬಾಗಿಲನ್ನೂ ಇರಿಸುವುದುಂಟು.

ಮೇಲಿನ ಕಪಾಟುಗಳು: ಗೋಡೆಯೂ ಛಾವಣಿಯೂ ಸೇರುವ ಕೋನದಲ್ಲಿ ಇವನ್ನು ಜೋಡಿಸಲಾಗುತ್ತದೆ. ಹೆಚ್ಚು ಆಳವಾದರೆ ತಲೆಗೆ ತಾಗುತ್ತವೆ ಮತ್ತು ಒಳಗಿನ ತೆರೆದ ಅನುಭವ ಕಳೆಯುತ್ತದೆ. ಬಟ್ಟೆ, ಬ್ರೆಡ್ಡು, ಕಾಗದದ ವಸ್ತುಗಳು ಇವುಗಳಿಗೆ ಸೂಕ್ತ.

ಸೆಳೆಪೆಟ್ಟಿಗೆಗಳು: ಆಳವಾದ ಜಾಗದ ಕೊನೆಯವರೆಗೂ ಕೈಗೆಟಕುವಂತೆ ಮಾಡುವುದು ಡ್ರಾಯರ್‌ಗಳ ಗುಣ. ಉಕ್ಕಿನ ಜಾರುಪಟ್ಟಿಗಳ ತೂಕ ಮತ್ತು ಅವು ನುಂಗುವ ಅಗಲ ಇವುಗಳ ದೋಷ. ಹೊರಕ್ಕೆ ಎಳೆಯಲು ಎದುರಿಗೆ ಅಷ್ಟೇ ಜಾಗವೂ ಬೇಕು.

ಬಾಗಿಲು ಮತ್ತು ಗೋಡೆಗಳು: ಬಟ್ಟೆಯ ಜೇಬುಗಳು, ಬಲೆಗಳು ಮತ್ತು ಸ್ಥಿತಿಸ್ಥಾಪಕ ಪಟ್ಟಿಗಳು ಕೆಲವೇ ಗ್ರಾಂ ತೂಗಿದರೂ ಹಗುರ ವಸ್ತುಗಳಿಗೆ ಗಣನೀಯ ಜಾಗ ಒದಗಿಸುತ್ತವೆ.

ಛಾವಣಿ ಮತ್ತು ಹಿಂಬಾಗಿಲಿನ ಹೊರಮೈ: ಛಾವಣಿಯ ಮೇಲಿನ ಪೆಟ್ಟಿಗೆ ಗಾಳಿಯ ಪ್ರತಿರೋಧ, ಇಂಧನ ವೆಚ್ಚ ಮತ್ತು ವಾಹನದ ಎತ್ತರವನ್ನು ಹೆಚ್ಚಿಸುತ್ತದೆ. ಸೇತುವೆಯ ಕೆಳಗೆ ಹಾಗೂ ಕಟ್ಟಡದೊಳಗಿನ ನಿಲುಗಡೆಗಳಲ್ಲಿ ಹೊಸ ಎತ್ತರವನ್ನು ನೆನಪಿಡುವುದು ಅಗತ್ಯ. ಎತ್ತುವ ಛಾವಣಿಯ ಮೇಲೆ ಇಡಬಹುದಾದ ಭಾರ ಸೀಮಿತವಾದ್ದರಿಂದ ವಾಹನದ ಕೈಪಿಡಿಯಲ್ಲಿ ನೀಡಿರುವ ಮಿತಿಯನ್ನೇ ಪಾಲಿಸಬೇಕು. ಹಿಂಬಾಗಿಲಿಗೆ ತೂಗುಹಾಕಿದ ಸೈಕಲ್‌ಗಳು ಮೇಲೆ ವಿವರಿಸಿದ ಸನ್ನೆಯ ಪರಿಣಾಮವನ್ನು ಅತಿ ಹೆಚ್ಚಾಗಿ ಉಂಟುಮಾಡುತ್ತವೆ.

ಜೋಡಣೆಯ ತತ್ವಗಳು

ಸೀಮಿತ ಜಾಗದ ಜೋಡಣೆಯಲ್ಲಿ ಬಳಕೆಯ ಆವರ್ತನವೇ ಮುಖ್ಯ ಮಾನದಂಡ. ದಿನಕ್ಕೆ ಹಲವು ಬಾರಿ ಬೇಕಾಗುವ ಲೋಟ, ನೀರಿನ ಬಾಟಲಿ, ಟವೆಲ್ ಮತ್ತು ದೀಪಗಳನ್ನು ಒಂದೇ ಚಲನೆಯಲ್ಲಿ ತೆಗೆಯುವಂತೆಯೂ, ದಿನಕ್ಕೊಮ್ಮೆ ಬೇಕಾಗುವವನ್ನು ಒಂದು ಬಾಗಿಲಿನ ಹಿಂದೆಯೂ, ಅಪರೂಪಕ್ಕೆ ಬೇಕಾಗುವವನ್ನು ಮತ್ತೊಂದು ವಸ್ತುವಿನ ಹಿಂದೆಯೂ ಇರಿಸಲಾಗುತ್ತದೆ. ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಅಗ್ನಿಶಾಮಕ, ಎಚ್ಚರಿಕೆ ತ್ರಿಕೋನ ಮತ್ತು ಟೈರು ಬದಲಿಸುವ ಸಲಕರಣೆಗಳು ಈ ನಿಯಮಕ್ಕೆ ಅಪವಾದ. ಅವು ಅಪರೂಪಕ್ಕೆ ಬೇಕಾದರೂ ತಡೆಯಿಲ್ಲದೆ ಸಿಗಬೇಕು.

ಎರಡನೆಯ ತತ್ವ ಕಾರ್ಯವಲಯಗಳ ವಿಂಗಡಣೆ. ಅಡುಗೆಯ ವಸ್ತುಗಳು ಒಲೆಯ ಬಳಿ, ಹೊದಿಕೆಗಳು ಹಾಸಿಗೆಯ ಬಳಿ, ಕೆಸರಿನ ಪಾದರಕ್ಷೆಗಳು ಬಾಗಿಲಿನ ಬಳಿ ಇದ್ದರೆ, ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ಅಡ್ಡ ಬರುವುದು ತಪ್ಪುತ್ತದೆ. ಕುಡಿಯುವ ನೀರಿನ ಕೊಳವೆಯನ್ನೂ ತ್ಯಾಜ್ಯದ ಕೊಳವೆಯನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇರಿಸುವುದು ನೈರ್ಮಲ್ಯದ ದೃಷ್ಟಿಯಿಂದ ಅವಶ್ಯ.

ಮೂರನೆಯದು ಅಳತೆಗಳ ಏಕರೂಪತೆ. ಕೈಗಾರಿಕೆಗಳಲ್ಲಿ ಬಳಸುವ ಯೂರೋ ಪೆಟ್ಟಿಗೆಗಳ ತಳದ ಪ್ರಮಾಣಿತ ಅಳತೆ 600 × 400 ಮಿ.ಮೀ.; ಅದರರ್ಧ 400 × 300 ಮಿ.ಮೀ. ಈ ಅಳತೆಗಳಿಗೆ ಅನುಗುಣವಾಗಿ ಹಾಸಿಗೆಯ ಚೌಕಟ್ಟನ್ನು ನಿರ್ಮಿಸಿದರೆ ಪೆಟ್ಟಿಗೆಗಳೇ ಡ್ರಾಯರ್‌ಗಳಾಗುತ್ತವೆ; ಮನೆಯಲ್ಲಿ ತುಂಬಿ ನೇರವಾಗಿ ವಾಹನಕ್ಕೆ ಜಾರಿಸಬಹುದು. ವಕ್ರವಾದ ಗೋಡೆಗಳ ಬಳಿ ಮಾತ್ರ ಗಟ್ಟಿ ಪೆಟ್ಟಿಗೆಗಳಿಗಿಂತ ಮೆದುವಾದ ಚೀಲಗಳು ಜಾಗವನ್ನು ಪೂರ್ಣವಾಗಿ ಬಳಸಿಕೊಳ್ಳುತ್ತವೆ.

ನಾಲ್ಕನೆಯದು ಬಹೂಪಯೋಗ. ಒಂದರೊಳಗೊಂದು ಕೂರುವ ಪಾತ್ರೆಗಳು, ಕಳಚಬಹುದಾದ ಹಿಡಿಗಳು, ತೊಳೆಯುವ ತೊಟ್ಟಿಯ ಮೇಲೆ ಕೂರುವ ಕತ್ತರಿಸುವ ಹಲಗೆ, ಹಗಲಿನಲ್ಲಿ ದಿಂಬಾಗುವ ಹೊದಿಕೆಯ ಚೀಲ ಇದಕ್ಕೆ ಉದಾಹರಣೆಗಳು. ನಿರ್ವಾತ ಚೀಲಗಳು ಬಟ್ಟೆಯ ಗಾತ್ರವನ್ನು ಕುಗ್ಗಿಸುತ್ತವೆ, ತೂಕವನ್ನಲ್ಲ. ಗಾತ್ರ ಕಿರಿದಾದುದರಿಂದ ಹೆಚ್ಚು ತುಂಬುವ ಪ್ರವೃತ್ತಿಗೆ ಅವು ಎಡೆಮಾಡಿಕೊಡಬಹುದು. ಹಾಗಾಗಿ ಜೋಡಣೆಯ ಕೊನೆಯ ತತ್ವ ಕಡಿತ. ಒಂದು ಪ್ರವಾಸದುದ್ದಕ್ಕೂ ಬಳಕೆಯಾಗದೆ ಮರಳಿದ ವಸ್ತುಗಳ ಪಟ್ಟಿ ಮಾಡಿ, ಸುರಕ್ಷತಾ ಸಲಕರಣೆಗಳ ಹೊರತಾಗಿ ಉಳಿದವನ್ನು ಮುಂದಿನ ಬಾರಿ ಬಿಡುವ ಕ್ರಮವನ್ನು ಅನುಸರಿಸಬಹುದು.

ಭದ್ರಪಡಿಸುವಿಕೆ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಚಲಿಸುತ್ತಿರುವ ವಾಹನ ಡಿಕ್ಕಿಯಿಂದ ತಟ್ಟನೆ ನಿಂತಾಗ, ಕಟ್ಟದೆ ಇರುವ ವಸ್ತುಗಳು ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತವೆ. ಆ ವೇಗವು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಸರಿಸುಮಾರು ಮೂರನೆಯ ಮಹಡಿಯಿಂದ, ಬಿದ್ದ ವಸ್ತು ನೆಲ ಮುಟ್ಟುವಾಗ ಪಡೆಯುವ ವೇಗಕ್ಕೆ ಸಮ. ಹಿಂದಿನ ಆಸನದ ಮೇಲೆ ಸುಮ್ಮನೆ ಇಟ್ಟ 5 ಕಿ.ಗ್ರಾಂ. ತೂಕದ ಪ್ರೆಷರ್ ಕುಕ್ಕರ್ ಮುಂದೆ ಕುಳಿತವರ ತಲೆಗೆ ಈ ಬಲದಿಂದ ಬಡಿಯಬಹುದು. ವೇಗ ಎರಡರಷ್ಟಾದರೆ ಚಲನ ಶಕ್ತಿ ನಾಲ್ಕರಷ್ಟಾಗುತ್ತದೆ.

ರಸ್ತೆಯಲ್ಲಿ ಸರಕು ಬಿಗಿಯುವುದಕ್ಕೆ ಸಂಬಂಧಿಸಿದ ಇಎನ್ 12195-1 ಮಾನಕವು ಸಾಮಾನ್ಯ ಚಾಲನೆ ಮತ್ತು ಜೋರಾದ ಬ್ರೇಕಿಗೆ ಅನ್ವಯಿಸುವಂತೆ, ಮುಂದಿನ ದಿಕ್ಕಿನಲ್ಲಿ ವಸ್ತುವಿನ ತೂಕದ 0.8 ಪಟ್ಟು ಹಾಗೂ ಪಕ್ಕ ಮತ್ತು ಹಿಂದಿನ ದಿಕ್ಕುಗಳಲ್ಲಿ 0.5 ಪಟ್ಟು ಬಲವನ್ನು ತಡೆಯಬೇಕೆಂದು ಲೆಕ್ಕ ಹಾಕುತ್ತದೆ. ಡಿಕ್ಕಿಯಲ್ಲಿ ಉಂಟಾಗುವ ಬಲ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಭಾರವಾದ ವಸ್ತುಗಳನ್ನು ಕೇವಲ ಪಟ್ಟಿಯಿಂದ ಬಿಗಿಯುವುದಕ್ಕಿಂತ, ಅವುಗಳ ಮುಂದೆ ವಾಹನದ ಚೌಕಟ್ಟಿಗೆ ಜೋಡಿಸಿದ ಗಟ್ಟಿ ಅಡ್ಡಗೋಡೆ ಇರುವಂತೆ ಇರಿಸುವುದು ಉತ್ತಮ. ಕಪಾಟುಗಳ ಬಾಗಿಲುಗಳಿಗೆ ಮನೆಗಳಲ್ಲಿ ಬಳಸುವ ಅಯಸ್ಕಾಂತದ ಹಿಡಿಕೆಗಳು ಸಾಲವು. ದೋಣಿಗಳಲ್ಲಿರುವಂತೆ ಒತ್ತಿದಾಗ ಮಾತ್ರ ಬಿಡುವ ಅಗುಳಿಗಳನ್ನು ಬಳಸಲಾಗುತ್ತದೆ. ಕಪಾಟನ್ನೇ ತೆಳುವಾದ ಒಳಹೊದಿಕೆಗೆ ಬದಲಾಗಿ ವಾಹನದ ಲೋಹದ ಪಕ್ಕೆಲುಬುಗಳಿಗೆ ಜೋಡಿಸಬೇಕು. ಚಾಲಕನ ಪಾದದ ಬಳಿ ಉರುಳಿಬರಬಲ್ಲ ಬಾಟಲಿಯಂತಹ ವಸ್ತುಗಳು ಪೆಡಲ್ ಕೆಳಗೆ ಸಿಲುಕಿ ಬ್ರೇಕ್ ಹಾಕಲಾಗದಂತೆ ಮಾಡಬಹುದಾದ್ದರಿಂದ ಅವುಗಳ ಬಗ್ಗೆ ವಿಶೇಷ ಎಚ್ಚರ ಬೇಕು.

ಅನಿಲ, ಗಾಳಿಯಾಟ ಮತ್ತು ತೇವ

ಅಡುಗೆ ಅನಿಲವಾದ ಎಲ್‌ಪಿಜಿ ಗಾಳಿಗಿಂತ ಭಾರವಾದುದು. ಸೋರಿದಾಗ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಹೀಗಾಗಿ ಸಿಲಿಂಡರನ್ನು ವಾಸಭಾಗದಿಂದ ಬೇರ್ಪಟ್ಟ, ತಳದಲ್ಲಿ ಹೊರಗಾಳಿಗೆ ತೆರೆದ ರಂಧ್ರವಿರುವ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ಬಿಗಿಯಲಾಗುತ್ತದೆ. ಜಾಗದ ಅಭಾವದಿಂದ ಈ ಪೆಟ್ಟಿಗೆಯಲ್ಲಿ ಚೀಲ, ಹಗ್ಗ ಅಥವಾ ಬಟ್ಟೆಗಳನ್ನು ತುರುಕಿ ರಂಧ್ರ ಮುಚ್ಚುವುದು ಅತ್ಯಂತ ಅಪಾಯಕಾರಿ. ವಾಸಭಾಗದ ನೆಲ ಮತ್ತು ಛಾವಣಿಗಳಲ್ಲಿರುವ ಸ್ಥಿರ ಗಾಳಿಕಿಂಡಿಗಳನ್ನೂ ಸಾಮಾನುಗಳಿಂದ ಮುಚ್ಚಬಾರದು. ಉರಿಯುವ ಒಲೆ ಇರುವ ಮುಚ್ಚಿದ ಜಾಗದಲ್ಲಿ ಗಾಳಿ ಸಾಲದಾದರೆ ಇಂಗಾಲದ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಶೀತಕದ ಹಿಂಬದಿಯ ಖಾಲಿ ಜಾಗವೂ ಉಗ್ರಾಣವಲ್ಲ. ಅದು ಬಿಸಿಗಾಳಿ ಹೊರಹೋಗುವ ಮಾರ್ಗ. ಮಲಗಿದ ಸ್ಥಳದಿಂದ ಬಾಗಿಲಿನವರೆಗಿನ ಹಾದಿಯನ್ನು ರಾತ್ರಿ ಖಾಲಿ ಬಿಡುವುದು ಬೆಂಕಿಯ ಸಂದರ್ಭದಲ್ಲಿ ಜೀವ ಉಳಿಸಬಲ್ಲದು.

ಮಲಗಿದವರ ಉಸಿರು ಮತ್ತು ಅಡುಗೆಯ ಆವಿಯಲ್ಲಿರುವ ನೀರು ತಣ್ಣನೆಯ ಲೋಹದ ಮೇಲೆ ಹನಿಗಟ್ಟುತ್ತದೆ. ಗೋಡೆಗೆ ಒತ್ತಿಕೊಂಡ ಬಟ್ಟೆಗಳು ಮತ್ತು ಗಾಳಿಯಾಡದ ಹಾಸಿಗೆಯ ಅಡಿಭಾಗ ಇದರಿಂದ ಬೂಷ್ಟು ಹಿಡಿಯುತ್ತವೆ. ಕಪಾಟಿನ ಹಿಂದೆ ಸ್ವಲ್ಪ ಅಂತರ ಬಿಡುವುದು, ಬಾಗಿಲುಗಳಿಗೆ ರಂಧ್ರ ಕೊರೆಯುವುದು, ಹಾಸಿಗೆಯನ್ನು ಪಟ್ಟಿಗಳ ಮೇಲೆ ಹರಡುವುದು ಹಾಗೂ ಒದ್ದೆ ಬಟ್ಟೆಗೆ ಪ್ರತ್ಯೇಕ ಜಾಗ ಕಲ್ಪಿಸುವುದು ಇದಕ್ಕೆ ಪರಿಹಾರಗಳು.

ಭಾರತದ ಸಂದರ್ಭದಲ್ಲಿ

ಭಾರತದಲ್ಲಿ ಕ್ಯಾಂಪರ್ ವ್ಯಾನ್‌ಗಳ ಬಳಕೆ ಇತ್ತೀಚೆಗೆ ಬೆಳೆಯುತ್ತಿದೆ. ಕೇರಳ ಸರ್ಕಾರವು 2021ರಲ್ಲಿ 'ಕೇರವಾನ್ ಕೇರಳ' ಎಂಬ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆಯನ್ನು ಪ್ರಕಟಿಸಿತು. ಟೆಂಪೊ ಟ್ರಾವೆಲರ್ ಎಂದೇ ಪರಿಚಿತವಾಗಿರುವ ಫೋರ್ಸ್ ಟ್ರಾವೆಲರ್‌ನಂತಹ ವಾಹನಗಳನ್ನು ಇಲ್ಲಿ ಕ್ಯಾಂಪರ್‌ಗಳಾಗಿ ಪರಿವರ್ತಿಸಲಾಗುತ್ತದೆ.

ಗೃಹಬಳಕೆಯ 14.2 ಕಿ.ಗ್ರಾಂ. ಅನಿಲದ ಸಿಲಿಂಡರು ತುಂಬಿದಾಗ ಉಕ್ಕಿನ ತೂಕವೂ ಸೇರಿ ಸುಮಾರು 30 ಕಿ.ಗ್ರಾಂ. ತೂಗುತ್ತದೆ. ಸಣ್ಣ ವ್ಯಾನ್‌ಗೆ ಇದು ಗಾತ್ರದಲ್ಲಿಯೂ ತೂಕದಲ್ಲಿಯೂ ಅತಿಯಾದುದರಿಂದ 5 ಕಿ.ಗ್ರಾಂ. ಅನಿಲದ ಸಿಲಿಂಡರು ಹೆಚ್ಚು ಅನುಕೂಲಕರ. ಭಾರತೀಯ ಅಡುಗೆಮನೆಯ ಮಸಾಲೆ ಡಬ್ಬಿ, ಒಂದರೊಳಗೊಂದು ಕೂರುವ ಸ್ಟೀಲ್ ಪಾತ್ರೆಗಳು ಮತ್ತು ಟಿಫಿನ್ ಕ್ಯಾರಿಯರ್‌ಗಳು ಅಡಕವಾದ ಶೇಖರಣೆಗೆ ಹೇಳಿ ಮಾಡಿಸಿದಂತಿವೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ ಹೆಚ್ಚಿರುವುದರಿಂದ ಧಾನ್ಯ, ಉಪ್ಪು, ಬೆಲ್ಲಗಳಿಗೆ ಗಾಳಿಯಾಡದ ಡಬ್ಬಿಗಳೂ ಬಟ್ಟೆಗಳಿಗೆ ಗಾಳಿಯಾಡುವ ಕಪಾಟುಗಳೂ ಬೇಕಾಗುತ್ತವೆ. ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ವಾಹನದ ಒಳಭಾಗ ಹೊರಗಿಗಿಂತ ಬಹಳ ಹೆಚ್ಚು ಕಾಯುತ್ತದೆ. ಔಷಧಗಳು, ಬ್ಯಾಟರಿಗಳು ಮತ್ತು ಸಣ್ಣ ಅನಿಲ ಡಬ್ಬಿಗಳನ್ನು ಕಿಟಕಿಯ ಬಳಿ ಅಥವಾ ಡ್ಯಾಶ್‌ಬೋರ್ಡ್ ಮೇಲೆ ಇರಿಸುವುದು ಸುರಕ್ಷಿತವಲ್ಲ. ಬಳಕೆಗೆ ತೆರೆಯದ ಇನ್ಸುಲಿನ್ನಿನಂತಹ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಬೇಕಾದ ಔಷಧಗಳಿಗೆ ಶೀತಕದಲ್ಲಿ ಕಾಯಂ ಸ್ಥಳವನ್ನು ಮೀಸಲಿಡಬೇಕಾಗುತ್ತದೆ.

ಇವನ್ನೂ ನೋಡಿ

• ಕ್ಯಾರವಾನ್
• ಫೋಕ್ಸ್‌ವ್ಯಾಗನ್ ಟೈಪ್ 2
• ಗುರುತ್ವ ಕೇಂದ್ರ
• ಸನ್ನೆ
• ದ್ರವೀಕೃತ ಪೆಟ್ರೋಲಿಯಂ ಅನಿಲ